ವಿಜ್ಞಾನಿಗಳ ಜೊತೆ ಕೆಲಸ ಮಾಡುವ ರೆಸಿಡೆನ್ಸಿ: ಜಿನೀವಾನಾ, ಬೆಂಗಳೂರಾ, ನಮ್ಮೂರಾ?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ವಿಜಯಪುರದ ಹುಡುಗಿ, ಈಗಷ್ಟೇ ಚಿತ್ರಕಲೆಯಲ್ಲಿ ಪದವಿ ಮುಗಿಸಿದ್ದಾಳೆ. ಇನ್ನೊಬ್ಬರು ಇಳಕಲ್ಲಿನ ನೇಕಾರರು, ಮನೆಯಲ್ಲೇ ಎರಡು ಮಗ್ಗ ಇವೆ. ಮೂರನೆಯವನು ಬೆಳಗಾವಿಯ ಗೆಳೆಯ, ಹಗಲು ನೌಕರಿ, ರಜೆ ಸಿಕ್ಕರೆ ರೆಕಾರ್ಡರ್ ಹಿಡಿದು ಸದ್ದು ಹುಡುಕಿಕೊಂಡು ಓಡಾಡುತ್ತಾನೆ. ಮೂವರಿಗೂ ವಿಜ್ಞಾನಿಗಳ ಜೊತೆ ಕೂತು ಕೆಲಸ ಮಾಡುವ ಆಸೆ. ಖರ್ಚು ಮಾತ್ರ ಕೈಯಿಂದ ಹಾಕುವಂತಿಲ್ಲ. ಕಲಾವಿದರನ್ನು ಕೆಲವು ವಾರವೋ ತಿಂಗಳೋ ತಮ್ಮಲ್ಲಿ ಇರಿಸಿಕೊಂಡು ಕೆಲಸ ಮಾಡಲು ಬಿಡುವ ಇಂಥ ವ್ಯವಸ್ಥೆಗೆ ರೆಸಿಡೆನ್ಸಿ ಅನ್ನುತ್ತಾರೆ. ಹಾಗಿದ್ದರೆ ಎಲ್ಲಿಗೆ ಅರ್ಜಿ ಹಾಕಬೇಕು?

ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ ಆಯಿತು, ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಾನು ಬಾಗಲಕೋಟೆಯ ನವನಗರದಲ್ಲಿರುವ ಚಿತ್ರ ಕಲಾವಿದೆ. ಇಂಥ ಎರಡು ಕಡೆ ಕೆಲಸ ಮಾಡಿದ್ದೇನೆ, ನಾಲ್ಕೈದು ಕಡೆ ಅರ್ಜಿ ಹಾಕಿದರೂ ಸಿಕ್ಕಿಲ್ಲ. ಎರಡರಿಂದಲೂ ಕಲಿತದ್ದು ಇಲ್ಲಿದೆ.

ಹೆಸರು ನೋಡುವ ಮುಂಚೆ ಇವನ್ನು ಕೇಳಿ

ಮೊದಲು ದುಡ್ಡಿನ ಮಾತು. 'ಫಂಡೆಡ್' ಅಂತ ಬರೆದಿದ್ದರೆ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡಿ. ಪ್ರಯಾಣ, ಇರುವ ಜಾಗ, ಊಟ, ಕೆಲಸದ ಸಾಮಾನು, ನಿಮ್ಮ ದಿನಗಳಿಗೆ ಭತ್ಯೆ, ಇವು ಐದೂ ಬೇರೆ ಬೇರೆ. ಒಂದು ರೂಮು ಕೊಟ್ಟು ಅದನ್ನೇ ಫಂಡೆಡ್ ಅನ್ನುವವರೂ ಇದ್ದಾರೆ. ಕೆಲವು ಕಡೆ ಕಲಾವಿದರೇ ದುಡ್ಡು ಕಟ್ಟಬೇಕು. ದಿ ಆರ್ಕ್ಟಿಕ್ ಸರ್ಕಲ್ ಅಂತ ಒಂದಿದೆ, ಕಲಾವಿದರನ್ನೂ ವಿಜ್ಞಾನಿಗಳನ್ನೂ ಒಂದೇ ಹಾಯಿಹಡಗಿನಲ್ಲಿ ಕೂರಿಸಿಕೊಂಡು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳನ್ನು ಸುತ್ತಿಸುತ್ತಾರೆ. ಫೋಟೊ ನೋಡಿದರೆ ಇವತ್ತೇ ಹೊರಡಬೇಕು ಅನ್ನಿಸುತ್ತದೆ. ಆದರೆ ಆಯ್ಕೆಯಾದ ಮೇಲೆ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು, ವಿಮಾನದ ಟಿಕೆಟ್ ಬೇರೆ. ಅದರಲ್ಲಿ ಮೋಸ ಇಲ್ಲ, ಅವರು ಮೊದಲೇ ಹೇಳುತ್ತಾರೆ. ಯಾರಾದರೂ ಹಣ ಕೊಡುವವರು ಸಿಗುವ ತನಕ ನಮ್ಮಂಥವರಿಗೆ ಆಗುವ ಮಾತಲ್ಲ, ಅಷ್ಟೆ.

ದುಡ್ಡು ಎಷ್ಟು ಅನ್ನುವಷ್ಟೇ ಮುಖ್ಯ, ಯಾವಾಗ ಅನ್ನುವುದು. ಮುಂಗಡ ಕೊಡುತ್ತಾರಾ, ಇಲ್ಲ ಬಿಲ್ ಕೊಟ್ಟ ಮೇಲೆ ಕೊಡುತ್ತಾರಾ? ನಾನು ಮೊದಲ ಸಲ ಇದನ್ನು ಕೇಳಲಿಲ್ಲ. ರೈಲಿನ ಟಿಕೆಟ್, ಕಾಗದ, ಬಣ್ಣ, ಪ್ರಿಂಟ್ ಎಲ್ಲಾ ನನ್ನ ಕೈಯಿಂದ ಹೋಯಿತು, ವಾಪಸ್ ಬರುವಷ್ಟರಲ್ಲಿ ಐದು ತಿಂಗಳು. ಆ ಐದು ತಿಂಗಳಲ್ಲಿ ಮಗಳ ಶಾಲೆಯ ಫೀ ತುಂಬಲು ನನ್ನ ಅಣ್ಣನ ಹತ್ತಿರ ಸಾಲ ಕೇಳಬೇಕಾಯಿತು. ಸಂಸ್ಥೆ ಒಳ್ಳೆಯದೇ, ಜನ ಒಳ್ಳೆಯವರೇ. ಆದರೂ ಕೇಳಿಬಿಡಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಲೆಕ್ಕ ನಾವು ಹಾಕುವುದೇ ಇಲ್ಲ. ನೀವು ಅಲ್ಲಿರುವ ದಿನಗಳಲ್ಲಿ ಮನೆ ಹೇಗೆ ನಡೆಯುತ್ತದೆ? ಮಗ್ಗ ನಿಂತರೆ ದುಡ್ಡು ನಿಂತ ಹಾಗೆ. ಊಟ, ವಸತಿ ಪುಕ್ಕಟೆ ಸಿಕ್ಕರೂ ಭತ್ಯೆ ಇಲ್ಲದ ಎರಡು ತಿಂಗಳ ರೆಸಿಡೆನ್ಸಿ ನೇಕಾರರ ಮನೆಗೆ ಎರಡು ತಿಂಗಳ ನಷ್ಟ.

ಎರಡನೇ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ವಿಜ್ಞಾನಿಯ ಪಕ್ಕದಲ್ಲಿ ಎಷ್ಟು ದಿನ ಕೂರುತ್ತೀರಿ? ಒಂದು ದಿನ ಲ್ಯಾಬ್ ತೋರಿಸಿ, ಒಂದು ಭಾಷಣ ಕೇಳಿಸಿ, ಇನ್ನು ಚಿತ್ರ ಬರೆಯಿರಿ ಅಂದರೆ ಅದು ಪ್ರವಾಸ. ಕೆಲಸ ಹುಟ್ಟುವುದು ಪದೇ ಪದೇ ಹೋದಾಗ.

ನನಗೆ ಇದು ಗೊತ್ತಾದದ್ದು ದಾಳಿಂಬೆಯಿಂದ. ನಮ್ಮ ಭಾಗದಲ್ಲಿ ದುಂಡಾಣು ಅಂಗಮಾರಿ ಅನ್ನುವ ಬ್ಯಾಕ್ಟೀರಿಯಾ ರೋಗ ಬಂದು ಗಿಡಗಳನ್ನೇ ಕಿತ್ತುಹಾಕಿದ ರೈತರು ಎಷ್ಟೋ ಜನ ಇದ್ದಾರೆ, ನಿಮಗೆ ಗೊತ್ತಲ್ವಾ. ಆ ರೋಗದ ಮೇಲೆ ಕೆಲಸ ಮಾಡುವ ಒಂದು ಲ್ಯಾಬಿಗೆ ನಾನು ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಮೊದಲ ಎರಡು ವಾರ ಸುಮ್ನೆ ಎಲೆಯ ಚುಕ್ಕೆಗಳನ್ನು ಬರೆದೆ. ನಡುವೆ ಕಂದು, ಸುತ್ತ ಹಳದಿ ಬಳೆ. ಹಣ್ಣಿನ ಮೇಲಾದರೆ ಚುಕ್ಕೆ ಒಡೆದು ಸಿಪ್ಪೆಯೇ ಸೀಳುತ್ತದೆ. ಚಿತ್ರ ಚೆನ್ನಾಗಿತ್ತು, ಹೊಸದೇನೂ ಇರಲಿಲ್ಲ. ಮೂರನೇ ವಾರ ಅಲ್ಲಿಯ ಸಂಶೋಧನಾ ವಿದ್ಯಾರ್ಥಿನಿ ರೋಗದ ಎಲೆಯನ್ನು ಬ್ಲೇಡಿನಿಂದ ಸಣ್ಣಗೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಮೈಕ್ರೊಸ್ಕೋಪಿನ ಕೆಳಗೆ ತಳ್ಳಿ, "ಅಕ್ಕಾ, ಒಂದು ನಿಮಿಷ ಸುಮ್ನೆ ನೋಡ್ತಾ ಇರಿ" ಅಂದಳು. ಕತ್ತರಿಸಿದ ಅಂಚಿನಿಂದ ಹೊಗೆ ಎದ್ದ ಹಾಗೆ ಏನೋ ಹರಿಯಲು ಶುರುವಾಯಿತು. ಊದುಬತ್ತಿಯ ಹೊಗೆ ಗಾಳಿ ಇಲ್ಲದ ಕೋಣೆಯಲ್ಲಿ ಹೋಗುತ್ತದಲ್ಲ, ಹಾಗೆ. ಅದು ಲಕ್ಷಾಂತರ ಬ್ಯಾಕ್ಟೀರಿಯಾ. ಲ್ಯಾಬಿನವರಿಗೆ ಅದು ದಿನದ ಪರೀಕ್ಷೆ, ರೋಗ ಬ್ಯಾಕ್ಟೀರಿಯಾದ್ದಾ, ಶಿಲೀಂಧ್ರದ್ದಾ ಅಂತ ತಿಳಿಯುವ ಸುಲಭದ ದಾರಿ. ನನಗೆ ಒಂದು ವರ್ಷದ ಕೆಲಸ ಅಲ್ಲಿಂದ ಸಿಕ್ಕಿತು. ಮೊದಲ ದಿನವೇ ತೋರಿಸಿದ್ದರೆ 'ಓ ಚೆನ್ನಾಗಿದೆ' ಅಂದು ಮುಂದೆ ಹೋಗುತ್ತಿದ್ದೆ. ಎರಡು ವಾರ ಆ ಚುಕ್ಕೆಗಳನ್ನು ಬರೆದದ್ದಕ್ಕೆ ಅದು ಕಣ್ಣಿಗೆ ಬಿತ್ತು.

ಮೂರನೆಯದು ಭಾಷೆ. ಅರ್ಜಿ ಯಾವ ಭಾಷೆಯಲ್ಲಿ, ಅಲ್ಲಿ ದಿನವಿಡೀ ಮಾತು ಯಾವ ಭಾಷೆಯಲ್ಲಿ? ಅರ್ಜಿಯನ್ನು ಯಾರಾದರೂ ಬರೆದುಕೊಡಬಹುದು, ಎರಡು ತಿಂಗಳ ಮಾತನ್ನು ಯಾರೂ ಆಡಿಕೊಡುವುದಿಲ್ಲ. ನಾಲ್ಕನೆಯದು, ಕೊನೆಯಲ್ಲಿ ಅವರಿಗೆ ಏನು ಬೇಕು. ಪ್ರದರ್ಶನಕ್ಕೆ ತಯಾರಾದ ಕೃತಿಯಾ, ಬರೀ ಟಿಪ್ಪಣಿ ಸಾಕಾ, ಆ ಕೃತಿ ಯಾರದ್ದಾಗುತ್ತದೆ? ಇದನ್ನು ಪತ್ರದಲ್ಲಿ ಬರೆಸಿಕೊಳ್ಳಿ.

ಸರ್ನ್: ಎಲ್ಲರೂ ಮೊದಲು ಕೇಳುವ ಹೆಸರು

ಜಿನೀವಾ ಹತ್ತಿರ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯಲ್ಲಿರುವ ಭೌತವಿಜ್ಞಾನದ ಪ್ರಯೋಗಾಲಯ. ನೆಲದ ಕೆಳಗೆ 27 ಕಿಲೋಮೀಟರ್ ಸುತ್ತಳತೆಯ ಸುರಂಗ, ಅದರಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುತ್ತಾರೆ. ಅವರ ಕಲಾ ಕಾರ್ಯಕ್ರಮ 'ಆರ್ಟ್ಸ್ ಅಟ್ ಸರ್ನ್' 2011ರಲ್ಲಿ ಶುರುವಾಯಿತು. ಕೊಲೈಡ್ ಅನ್ನುವುದು ಅದರ ಹಳೆಯ, ಹೆಸರಾದ ರೆಸಿಡೆನ್ಸಿ. ಒಂದೊಂದು ಅವಧಿಗೆ ಯುರೋಪಿನ ಒಂದೊಂದು ನಗರದ ಸಂಸ್ಥೆ ಜೊತೆಗೂಡಿದೆ, ಲಿವರ್‌ಪೂಲ್, ಬಾರ್ಸಿಲೋನಾ, ಕೋಪನ್‌ಹೇಗನ್ ಹೀಗೆ. ಪ್ರಯಾಣ, ವಾಸ, ಭತ್ಯೆ ಸಿಗುತ್ತದೆ. ಕಲಾವಿದರಿಗೆ ವಿಜ್ಞಾನಿಗಳ ಜೊತೆ ಮಾತಾಡಲು ಸಮಯ ಗೊತ್ತುಮಾಡಿ ಕೊಡುವ ಜನರೇ ಅಲ್ಲಿದ್ದಾರೆ. ನನ್ನ ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಜಗತ್ತಿನ ಎಲ್ಲಾ ಕಡೆಯಿಂದ ಅರ್ಜಿ ಬರುತ್ತದೆ. ಈಗಾಗಲೇ ಕೆಲಸ ತೋರಿಸಿ ಗುರುತಾದವರಿಗೆ ಅದು ಸಿಗುವುದು ಜಾಸ್ತಿ. ಇಂಗ್ಲಿಷ್ ಸರಾಗವಾಗಿ ಬರಬೇಕು. ಪಾಸ್‌ಪೋರ್ಟ್, ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್ ಅಂತ ಬೆಂಗಳೂರಿಗೆ ಓಡಾಟ ಇದ್ದದ್ದೇ. ಇದೆಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೈಯಲ್ಲಿ ಹಿಡಿಯುವ ವಸ್ತು ಕಡಿಮೆ. ಸಿಗುವುದು ಮಾತು, ಲೆಕ್ಕ, ಕಣ್ಣಿಗೆ ಕಾಣದ ಕಣಗಳ ಗುರುತು. ಅಂಥದ್ದರಿಂದ ಕೆಲಸ ಹುಟ್ಟುವವರಿಗೆ ಅದು ಹಬ್ಬ. ನಿಮ್ಮ ಕೆಲಸ ಮಣ್ಣು, ನೂಲು, ಬೆಳೆ ಇವುಗಳಿಂದ ಬರುವುದಾದರೆ ಹೆಸರು ದೊಡ್ಡದು ಅಂತ ಅಲ್ಲಿ ಹೋಗಿ ಎರಡು ತಿಂಗಳು ಕೂರುವುದರಲ್ಲಿ ಅರ್ಥ ಇಲ್ಲ.

ಇದರಲ್ಲೇ ನಮಗೆ ಹತ್ತಿರದ ಒಂದು ಬಾಗಿಲಿದೆ. ಸ್ವಿಸ್ ಕಲಾ ಮಂಡಳಿ ಪ್ರೊ ಹೆಲ್ವೇಷಿಯಾ ಜೊತೆ ಸೇರಿ ಸರ್ನ್ 2021ರಲ್ಲಿ ಕನೆಕ್ಟ್ ಅನ್ನುವ ರೆಸಿಡೆನ್ಸಿ ಶುರು ಮಾಡಿತು. ಅದರ ಭಾರತದ ಸುತ್ತು ಬೆಂಗಳೂರಿನ ಹೆಸರಘಟ್ಟ ಕಡೆ ಇರುವ ಐಸಿಟಿಎಸ್ ಜೊತೆ ನಡೆದಿದೆ. ಐಸಿಟಿಎಸ್ ಸೈದ್ಧಾಂತಿಕ ವಿಜ್ಞಾನದ ಕೇಂದ್ರ. ಅರ್ಜಿ ಹಾಕಿ ಅನ್ನುವ ಈ ಕರೆ ಪ್ರತಿ ವರ್ಷ ನಮ್ಮ ದೇಶಕ್ಕೇ ಬರುವುದಿಲ್ಲ, ಬೇರೆ ಬೇರೆ ದೇಶಗಳಿಗೆ ಹೋಗುತ್ತದೆ. ಅದಕ್ಕೆ ಕಾಯುತ್ತಾ ಕೂರಬೇಡಿ, ಕಣ್ಣು ಇಟ್ಟಿರಿ. ಪ್ರೊ ಹೆಲ್ವೇಷಿಯಾಕ್ಕೆ ದೆಹಲಿಯಲ್ಲಿ ಕಚೇರಿ ಇದೆ, ಏನಾದರೂ ಕೇಳಬೇಕಿದ್ದರೆ ಅಲ್ಲಿಗೇ ಬರೆಯಬಹುದು.

ವಿಜ್ಞಾನ, ತಂತ್ರಜ್ಞಾನ, ಕಲೆ ಮೂರನ್ನೂ ಸೇರಿಸಿ ಯುರೋಪಿನ ಒಕ್ಕೂಟ ನಡೆಸುವ ಸ್ಟಾರ್ಟ್ಸ್ ರೆಸಿಡೆನ್ಸಿಗಳ ಬಗ್ಗೆಯೂ ಕೇಳುತ್ತಾರೆ. ಹಣ ಚೆನ್ನಾಗಿದೆ, ಆದರೆ ಹೆಚ್ಚಿನವು ಅಲ್ಲೇ ನೆಲೆಸಿದವರಿಗೆ. ಅರ್ಹತೆಯ ಸಾಲನ್ನು ಮೊದಲು ಓದಿ, ಆಮೇಲೆ ಉಳಿದದ್ದು.

ಬೆಂಗಳೂರು, ದೆಹಲಿ

ಬೆಂಗಳೂರಿನ ಸಯನ್ಸ್ ಗ್ಯಾಲರಿಗೆ ಹೋಗದವರು ಒಮ್ಮೆ ಹೋಗಿಬನ್ನಿ, ಪ್ರವೇಶ ಉಚಿತ. ಕರ್ನಾಟಕ ಸರ್ಕಾರದ ಬೆಂಬಲ ಇರುವ ಸಂಸ್ಥೆ, ಸ್ವಂತ ಕಟ್ಟಡ 2024ರಲ್ಲಿ ತೆರೆಯಿತು. ಅಲ್ಲಿ ಒಂದೊಂದು ವಿಷಯ ಹಿಡಿದು ದೊಡ್ಡ ಪ್ರದರ್ಶನ ಮಾಡುತ್ತಾರೆ. ಸಾಂಕ್ರಾಮಿಕ, ಮನಸ್ಸು, ಇಂಗಾಲ ಹೀಗೆ. ವಿಷಯಕ್ಕೆ ತಕ್ಕಂತೆ ಕಲಾವಿದರು, ವಿಜ್ಞಾನಿಗಳು ಸೇರಿ ಮಾಡಿದ ಕೆಲಸ ಇರುತ್ತದೆ, ಅದಕ್ಕೆ ಕರೆ ಬರುತ್ತದೆ. ಇದರ ಲಾಭ ಏನಂದರೆ ನೋಡುವ ಜನ ಸಿಗುತ್ತಾರೆ, ಅದರಲ್ಲೂ ಕಾಲೇಜು ವಯಸ್ಸಿನವರು. ತೊಡಕು ಏನಂದರೆ ವಿಷಯ ಅವರದ್ದು. ನಿಮ್ಮ ಕೆಲಸ ಆ ವರ್ಷದ ವಿಷಯಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ಎಳೆದು ಹೊಂದಿಸಬೇಡಿ, ಆಯ್ಕೆ ಮಾಡುವವರಿಗೆ ಅದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಕಲಾವಿದರು ಲ್ಯಾಬಿನಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಉದಾಹರಣೆ ಬೆಂಗಳೂರಿನದ್ದೇ. 2009ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಐಜೆಮ್ ಅನ್ನುವ ಜೀವವಿಜ್ಞಾನದ ಸ್ಪರ್ಧೆಗೆ ಹೋದರು. ಎಂಜಿನಿಯರಿಂಗ್, ವಿಜ್ಞಾನ ಓದುವವರೇ ತುಂಬಿದ ಸ್ಪರ್ಧೆ ಅದು. ಇವರು ಆರಿಸಿಕೊಂಡದ್ದು ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಗೆ ಜಿಯೋಸ್ಮಿನ್ ಅನ್ನುವ ವಸ್ತು ಕಾರಣ, ಅದನ್ನು ಮಣ್ಣಿನ ಬ್ಯಾಕ್ಟೀರಿಯಾ ಮಾಡುತ್ತವೆ. ಲ್ಯಾಬಿನ ಸಾಮಾನ್ಯ ಬ್ಯಾಕ್ಟೀರಿಯಾದಿಂದ ಅದೇ ವಾಸನೆ ಹೊರಡಿಸಲು ಅವರು ಕೆಲಸ ಮಾಡಿದರು. ಮೇ ತಿಂಗಳಲ್ಲಿ ಕಾದ ಎರೆಭೂಮಿಯ ಮೇಲೆ ಮೊದಲ ಹನಿ ಬಿದ್ದಾಗ ನಿಂತು ಮೂಸಿದವರಿಗೆ ಇದು ಎಂಥ ಪ್ರಶ್ನೆ ಅಂತ ಬೇರೆ ಹೇಳಬೇಕಾ? ಇದೇ ಪ್ರಶ್ನೆ ನಮ್ಮ ಕಡೆಯ ಯಾರಿಗಾದರೂ ಹೊಳೆಯಬಹುದಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಬೆಂಗಳೂರಿನ ಇನ್ನೊಂದು ಅನುಕೂಲ ರೈಲು. ವಿಜಯಪುರ, ಬಾಗಲಕೋಟೆಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಬೆಳಗಾವಿಯಿಂದ ರಾಣಿ ಚೆನ್ನಮ್ಮ. ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಮನೆಯಲ್ಲಿ ವಯಸ್ಸಾದವರೋ ಸಣ್ಣ ಮಕ್ಕಳೋ ಇದ್ದರೆ ತಿಂಗಳಿಗೆರಡು ಸಲ ಬಂದು ಹೋಗಬಹುದು. ಬಾಡಿಗೆ ಮಾತ್ರ ನೋಡಿಕೊಳ್ಳಿ. ವಾಸದ ಖರ್ಚು ಕೊಡದಿದ್ದರೆ ನಿಮ್ಮ ಭತ್ಯೆ ಪೂರ್ತಿ ಪಿಜಿಗೇ ಹೋಗುತ್ತದೆ.

ದೆಹಲಿಯ ಖೋಜ್ ಕಲಾವಿದರ ಸಂಸ್ಥೆ, 1997ರಿಂದ ಇದೆ. ಪರಿಸರ, ವಿಜ್ಞಾನದ ಸುತ್ತ ರೆಸಿಡೆನ್ಸಿಗಳನ್ನು ಮಾಡಿದ್ದಾರೆ. ಅಲ್ಲಿ ಸಿಗುವ ದೊಡ್ಡ ಆಸ್ತಿ ಬೇರೆ ಕಲಾವಿದರ ಸಂಗ. ಎಂದೂ ಊರು ಬಿಟ್ಟು ಕೆಲಸ ಮಾಡದ ಹುಡುಗ ಹುಡುಗಿಯರಿಗೆ ಇದು ಬಹಳ ಮುಖ್ಯ ಅಂತ ನಾನು ನಂಬುತ್ತೇನೆ. ವಿಜ್ಞಾನಿಗಳ ಜೊತೆ ಎಷ್ಟು ದಿನ ಅನ್ನುವುದು ಆಯಾ ಕರೆಯ ಮೇಲೆ ಹೋಗುತ್ತದೆ, ಓದಿ ನೋಡಿ. ಇನ್ನು ಹತ್ತಿರದ್ದು ಅಂದರೆ ತೋರಣಗಲ್ಲಿನ ಹಂಪಿ ಆರ್ಟ್ ಲ್ಯಾಬ್ಸ್, 2024ರಲ್ಲಿ ತೆರೆಯಿತು. ಸ್ಟುಡಿಯೊಗಳು ಚೆನ್ನಾಗಿವೆ, ರೆಸಿಡೆನ್ಸಿ ಇದೆ, ವಿಜ್ಞಾನ ಅದರ ಮುಖ್ಯ ವಿಷಯ ಅಲ್ಲ. ವಸ್ತುವಿನ ಮೇಲೆ ಕೈ ಪಳಗಿಸಿಕೊಳ್ಳಬೇಕಾದವರು ನೋಡಬಹುದು.

ರೆಸಿಡೆನ್ಸಿ ಅಂತ ಹೆಸರಿಲ್ಲದ ದಾರಿ

ಇಲ್ಲಿಯವರೆಗೆ ಹೇಳಿದ್ದು ಬೇರೆಯವರು ಕರೆಯುವ ಜಾಗಗಳು. ಇನ್ನೊಂದು ದಾರಿ ಇದೆ, ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಹಣವನ್ನು ಒಂದು ಕಡೆಯಿಂದ ತನ್ನಿ, ವಿಜ್ಞಾನಿಯನ್ನು ನೀವೇ ಹುಡುಕಿ, ಅದೂ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ.

ಹಣಕ್ಕೆ ನಾನು ಮೊದಲು ಹೇಳುವ ಹೆಸರು ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಐಎಫ್‌ಎ. ಬೆಂಗಳೂರಿನ ಸಂಸ್ಥೆ, 1995ರಿಂದ ಅನುದಾನ ಕೊಡುತ್ತಿದೆ. ಕಲಾ ಸಂಶೋಧನೆಗೆ ಒಂದು, ಕಲಾಭ್ಯಾಸಕ್ಕೆ ಒಂದು, ಹೀಗೆ ಬೇರೆ ಬೇರೆ ಯೋಜನೆಗಳಿವೆ. ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಕಲಿ-ಕಲಿಸು ಅಂತ ಪ್ರತ್ಯೇಕ ಯೋಜನೆ ಇದೆ, ವಿಜ್ಞಾನ ಮೇಷ್ಟ್ರು ಚಿತ್ರಕಲಾ ಶಿಕ್ಷಕರ ಜೊತೆ ಸೇರಿ ಯೋಚಿಸಬಹುದಾದ್ದು. ನಮ್ಮವರಿಗೆ ದೊಡ್ಡ ವಿಷಯ ಏನಂದರೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿನಲ್ಲಿ ಬರೆಸಿದ ಅರ್ಜಿಯಲ್ಲಿ ನಮ್ಮ ಮಾತಿನ ಅರ್ಧ ಸೋರಿಹೋಗುತ್ತದೆ. ಆ ನೇಕಾರರು ಕನ್ನಡದಲ್ಲಿ ಹೇಳಿದ್ದನ್ನು ಕೇಳಿದರೆ ಅವರಿಗೆ ಬಣ್ಣದ ಬಗ್ಗೆ ಎಷ್ಟು ಗೊತ್ತು ಅಂತ ಯಾರಿಗಾದರೂ ತಿಳಿಯುತ್ತದೆ.

ಎರಡನೆಯದು ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್. 25ರಿಂದ 40 ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಸೀನಿಯರ್, 20,000. ಎರಡೂ ಎರಡು ವರ್ಷಕ್ಕೆ. 18ರಿಂದ 25ರವರಿಗೆ ಬೇರೆ ವಿದ್ಯಾರ್ಥಿವೇತನ ಇದೆ, ತಿಂಗಳಿಗೆ 5,000. ಸರ್ಕಾರಿ ಕೆಲಸ, ನಿಧಾನ ಇರುತ್ತದೆ, ಹಣ ಕಂತಿನಲ್ಲಿ ಬರುತ್ತದೆ, ವರದಿ ಕೊಡಬೇಕು. ಬೆಂಗಳೂರಿನಲ್ಲಿ ಈ ದುಡ್ಡಿಗೆ ಬದುಕುವುದು ಕಷ್ಟ. ಊರಲ್ಲೇ ಇದ್ದು ಎರಡು ವರ್ಷ ಒಂದೇ ವಿಷಯದ ಹಿಂದೆ ಬೀಳುವವರಿಗೆ ಸಾಕಾಗುತ್ತದೆ.

ವಿಜ್ಞಾನಿಗಳು ಎಲ್ಲಿ ಅಂತ ಕೇಳುತ್ತೀರಾ? ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, 2008ರಿಂದ. ಗೋಕಾಕ ಕಡೆಯವರಿಗೆ ಅರಭಾವಿಯಲ್ಲಿ ಅದರದೇ ಕಾಲೇಜು. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ, ಗಿಡಮೂಲಿಕೆಗಳ ಮೇಲೆ ಕೆಲಸ ಮಾಡುತ್ತಾರೆ. ಅಲ್ಲೇ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಖಾನಾಪುರದಲ್ಲಿ ಕುಂಬಾರಿಕೆಯ ಸಂಸ್ಥೆ. ವಿಜಯಪುರದಲ್ಲಿ ಹಿಟ್ಟಿನಹಳ್ಳಿ ಫಾರ್ಮಿನ ಕೃಷಿ ಕಾಲೇಜು. ಇಲ್ಲಿ ಯಾವುದೂ ಕಲಾವಿದರ ರೆಸಿಡೆನ್ಸಿ ನಡೆಸುತ್ತಿದೆ ಅಂತ ನಾನು ಹೇಳುತ್ತಿಲ್ಲ. ಕೇಳಬೇಕು. ನಾನು ಕೇಳಿದ್ದು ಹೀಗೆ: ಮುಖ್ಯಸ್ಥರ ಹೆಸರಿಗೆ ಒಂದು ಪುಟದ ಪತ್ರ, ಕನ್ನಡದಲ್ಲಿ. ಯಾವ ರೋಗ, ಯಾಕೆ ನನಗೆ ಅದು ಬೇಕು, ವಾರಕ್ಕೆ ಎಷ್ಟು ದಿನ ಬರುತ್ತೇನೆ, ಯಾವ ವಸ್ತುವನ್ನೂ ಕೇಳದೆ ಮುಟ್ಟುವುದಿಲ್ಲ, ಫೋಟೊ ತೆಗೆದರೆ ತೋರಿಸಿಯೇ ಹೊರಗೆ ಹಾಕುತ್ತೇನೆ. ಜೊತೆಗೆ ಎಲೆಯ ನಾಲ್ಕು ಚಿತ್ರ. ಆ ಚಿತ್ರಗಳೇ ಬಾಗಿಲು ತೆರೆದವು. ಅಷ್ಟು ಹತ್ತಿರದಿಂದ ಯಾರೋ ನೋಡಿದ್ದಾರೆ ಅಂತ ಅವರಿಗೆ ಖುಷಿಯಾಗಿತ್ತು.

ಈ ದಾರಿಯಲ್ಲಿ ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಹೆಸರು ಬರುವುದಿಲ್ಲ. ಪ್ರದರ್ಶನದ ಜಾಗ ನೀವೇ ನೋಡಿಕೊಳ್ಳಬೇಕು. ನಿಮ್ಮನ್ನು ಒಪ್ಪಿದ ವಿಜ್ಞಾನಿಗೆ ವರ್ಗವಾದರೆ ಮತ್ತೆ ಮೊದಲಿನಿಂದ ಶುರು. ಜೊತೆಯಲ್ಲಿ ಬೇರೆ ಕಲಾವಿದರು ಇರುವುದಿಲ್ಲ, ಆ ಒಂಟಿತನ ಕೆಲವರಿಗೆ ಭಾಳ ಕಾಡುತ್ತದೆ.

ಮೂವರಿಗೆ ನಾನು ಹೇಳಿದ್ದು

ವಿಜಯಪುರದ ಹುಡುಗಿಗೆ ಊರು ಬಿಟ್ಟು ಹೋಗು ಅಂದೆ. ಅವಳಿಗೆ ಈಗ ಬೇಕಾದ್ದು ಸಂಗ, ಬೇರೆಯವರ ಕೆಲಸ ನೋಡುವುದು, ಬೈಸಿಕೊಳ್ಳುವುದು. ಬೆಂಗಳೂರು ಅಥವಾ ದೆಹಲಿಗೆ ಮೊದಲು ಅರ್ಜಿ ಹಾಕಲಿ, ಕನೆಕ್ಟ್ ಕರೆ ಬಂದರೆ ಆಗ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಬೆಳಗಾವಿಯ ಗೆಳೆಯನಿಗೆ ಎರಡು ತಿಂಗಳು ರಜೆ ಸಿಗುವುದಿಲ್ಲ, ಹಾಗಾಗಿ ಅರ್ಧ ಪಟ್ಟಿ ಅಲ್ಲೇ ಹೋಯಿತು. ಅವನಿಗೆ ವಿಜಯಪುರದ ಗೋಲ್‌ಗುಂಬಜ್‌ನ ಸದ್ದಿನ ಮೇಲೆ ಕೆಲಸ ಮಾಡು ಅಂದೆ. 1656ರ ಕಟ್ಟಡ, ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಒಂದು ಕಡೆ ಪಿಸುಗುಟ್ಟಿದರೆ ಎದುರು ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತದೆ, ಯಾಕಂದರೆ ಸದ್ದು ಬಾಗಿದ ಗೋಡೆಗೆ ಒತ್ತಿಕೊಂಡೇ ಸಾಗುತ್ತದೆ. ಸರ್ ಸಿ.ವಿ. ರಾಮನ್ ಇಂಥ ಪಿಸುಗುಟ್ಟುವ ಗ್ಯಾಲರಿಗಳನ್ನು ಅಭ್ಯಾಸ ಮಾಡಿದಾಗ ನಮ್ಮ ಗೋಲ್‌ಗುಂಬಜ್ ಕೂಡ ಅದರಲ್ಲಿತ್ತು. ಶಬ್ದವಿಜ್ಞಾನ ಗೊತ್ತಿರುವ ಒಬ್ಬ ಭೌತಶಾಸ್ತ್ರದ ಅಧ್ಯಾಪಕರು ಜೊತೆಗಿದ್ದರೆ ಸಾಕು, ಭಾನುವಾರಗಳಲ್ಲಿ ಕೆಲಸ ನಡೆಯುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ಸ್ಮಾರಕ, ಮೈಕು ಸ್ಟ್ಯಾಂಡು ಹೊತ್ತುಕೊಂಡು ಹೋಗುವ ಮುಂಚೆ ಅನುಮತಿ ಪತ್ರ ಬೇಕು. ಹಗಲು ಎಲ್ಲರೂ ಕೂಗುತ್ತಾರೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು.

ನೇಕಾರರ ಪ್ರಶ್ನೆ ದಾಳಿಂಬೆ ಸಿಪ್ಪೆಯದ್ದು. ಪಟಿಕ ಹಾಕಿದರೆ ನೂಲು ಹಳದಿಯಾಗುತ್ತದೆ, ಅದೇ ನೀರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು ಹಾಕಿದರೆ ಕಪ್ಪಿಗೆ ತಿರುಗುತ್ತದೆ. ಹತ್ತು ಸಲ ಒಗೆದ ಮೇಲೂ ಹತ್ತಿಯ ಮೇಲೆ ಆ ಬಣ್ಣ ಯಾಕೆ ಒಂದೊಂದು ಸಲ ಒಂದೊಂದು ಥರ ಉಳಿಯುತ್ತದೆ ಅನ್ನುವುದು ಅವರಿಗೆ ತಿಳಿಯಬೇಕು, ತಿಳಿದು ಅದರಲ್ಲೇ ಒಂದು ಸೀರೆ ನೇಯಬೇಕು, ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಸಮೇತ. ಇದಕ್ಕೆ ಜಿನೀವಾ ಬೇಡ, ದೆಹಲಿಯೂ ಬೇಡ. ಹತ್ತಿರದ ಒಬ್ಬ ರಸಾಯನಶಾಸ್ತ್ರದವರು, ಐಎಫ್‌ಎಗೆ ಕನ್ನಡದಲ್ಲಿ ಒಂದು ಅರ್ಜಿ. ಖರ್ಚಿನ ಪಟ್ಟಿ ಮಾಡಿ ಕಳಿಸಿ ಅಂದಿದ್ದೆ, ಮೊನ್ನೆ ಕಳಿಸಿದ್ದಾರೆ. ನೂಲು, ಅನ್ನಭೇದಿ, ಪಟಿಕ, ಇಳಕಲ್-ಬಾಗಲಕೋಟೆ ಬಸ್ ಚಾರ್ಜು, ಎಲ್ಲಾ ಪೈಸೆ ಲೆಕ್ಕಕ್ಕೆ ಬರೆದಿದ್ದಾರೆ. ತಮ್ಮ ದಿನಗಳ ಕೂಲಿ ಮಾತ್ರ ಬರೆದಿರಲಿಲ್ಲ. ಫೋನ್ ಮಾಡಿ, "ಕಾಕಾ, ಮಗ್ಗ ನಿಂತ ದಿನಗಳನ್ನು ಮೊದಲ ಸಾಲಿನಲ್ಲಿ ಬರೀರಿ, ಕೇಳೋಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟು ದಿನ ಅಂತ ಬೆರಳು ಎಣಿಸಲು ಶುರು ಮಾಡಿದರು.